ಗಂಡ ರಜೆಯಲ್ಲಿ ಬರುವ ಮೊದಲೇ ಶುರು ಮಾಡಬೇಕಾದ ಚಿಕಿತ್ಸೆ: ಲೈಂಗಿಕ ಆರೋಗ್ಯದ ಪ್ರಶ್ನೋತ್ತರ

ಪ್ರಶ್ನೆ (ಅನಾಮಿಕ ಸದಸ್ಯೆ, ಸುರತ್ಕಲ್):
ಡಾಕ್ಟ್ರೆ, ಮದುವೆಯಾಗಿ ಎರಡು ವರ್ಷ. ಗಂಡ ದುಬೈಯಲ್ಲಿ. ಎರಡು ರಜೆ ಸೇರಿಸಿ 70 ದಿನ ಒಟ್ಟಿಗಿದ್ದೆವು, ಒಮ್ಮೆಯೂ ಕೂಡಲಿಕ್ಕೆ ಆಗಲಿಲ್ಲ. ಹತ್ತಿರ ಬಂದ ಕೂಡಲೇ ಕಾಲು ತನ್ನಿಂತಾನೇ ಬಿಗಿಯಾಗ್ತದೆ, ಒಳಗೆ ಗೋಡೆ ಅಡ್ಡ ಇದ್ದ ಹಾಗೆ, ಮತ್ತೆ ಉರಿ. ಅವರ ಮೇಲೆ ಪ್ರೀತಿ ಉಂಟು, ಆಸೆಯೂ ಉಂಟು. ಒಬ್ಬರು ಸ್ತ್ರೀರೋಗ ತಜ್ಞರು "ಎಲ್ಲ ನಾರ್ಮಲ್, ಟೆನ್ಶನ್ ಮಾಡ್ಬೇಡಿ" ಅಂದ್ರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತೆ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿದ್ದಾರೆ, ಈಗ ಐವಿಎಫ್ ಸೆಂಟರಿಗೆ ಹೋಗುವ ಅಂತಿದ್ದಾರೆ. ಇವರು ಇನ್ನು ಹತ್ತು ವಾರದಲ್ಲಿ 40 ದಿನದ ರಜೆಗೆ ಬರ್ತಾರೆ. ಎಂತ ಮಾಡುವುದು?

ಉತ್ತರ (ಮನೋವೈದ್ಯೆ, ಲೈಂಗಿಕ ಸಮಸ್ಯೆಗಳ ಚಿಕಿತ್ಸೆ):
ಹತ್ತು ವಾರ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಈ ಚಿಕಿತ್ಸೆಯ ಹೆಚ್ಚಿನ ಭಾಗಕ್ಕೆ ಗಂಡ ಹತ್ತಿರ ಇರಬೇಕೆಂದೇ ಇಲ್ಲ. ಗಲ್ಫ್ ಮನೆಗಳಲ್ಲಿ ಆಗುವ ದೊಡ್ಡ ತಪ್ಪು ಅದೇ: ವಿಮಾನ ಇಳಿದ ಮೇಲೆ ಶುರು ಮಾಡುವುದು, ದಿನ ಎಣಿಸುವುದು, ಪ್ರತಿ ರಾತ್ರಿ ಪರೀಕ್ಷೆ ಬರೆದ ಹಾಗೆ ಪ್ರಯತ್ನಿಸಿ ಪ್ರತಿ ರಾತ್ರಿ ಸೋಲುವುದು.

ನೀವು ಬರೆದದ್ದು ವ್ಯಾಜಿನಿಸ್ಮಸ್‌ನ ಲಕ್ಷಣ. ಯೋನಿಯ ಬಾಯಿಯನ್ನು ಸುತ್ತಿಕೊಂಡಿರುವ ಸ್ನಾಯುಗಳು ನಿಮ್ಮನ್ನು ಕೇಳದೆಯೇ ಮುಚ್ಚಿಕೊಳ್ಳುತ್ತವೆ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮುಚ್ಚುವುದಿಲ್ಲವೇ, ಹಾಗೆ. ರೆಪ್ಪೆಗೆ "ಟೆನ್ಶನ್ ಮಾಡ್ಬೇಡ" ಎಂದು ಹೇಳಿ ಪ್ರಯೋಜನ ಇಲ್ಲ. ನಿಮಗೆ ಗೋಡೆ ಅನಿಸುವುದು ಆ ಸ್ನಾಯುವೇ. ಪ್ರೀತಿ, ಆಸೆ, ಒದ್ದೆಯಾಗುವುದು ಎಲ್ಲ ಸರಿ ಇದ್ದೂ ಇದು ಬರುತ್ತದೆ. ಪ್ರತಿ ಸಲದ ನೋವು ಮುಂದಿನ ಸಲದ ಬಿಗಿತವನ್ನು ಹೆಚ್ಚಿಸುತ್ತದೆ. ಆದ್ದರಿಂದ ನೋವು ಸಹಿಸಿಕೊಂಡು ಪ್ರಯತ್ನಿಸುವುದನ್ನು ಇವತ್ತಿನಿಂದಲೇ ಬಿಡಿ.

ಮೊದಲು ಒಂದು ಸರಿಯಾದ ಪರೀಕ್ಷೆ ಬೇಕು. ಶಿಲೀಂಧ್ರ ಸೋಂಕು, ಯೋನಿಬಾಯಿಯ ಚರ್ಮದ ಕಾಯಿಲೆ, ಯೋನಿಯೊಳಗೆ ಹುಟ್ಟಿನಿಂದ ಬಂದ ಪರದೆ, ತೀರಾ ದಪ್ಪ ಕನ್ಯಾಪೊರೆ, ಇಷ್ಟು ಇಲ್ಲವೆಂದು ಖಾತ್ರಿಯಾಗಬೇಕು. ಒಳಗೆ ಹೋದ ಕೂಡಲೇ ವೈದ್ಯರಿಗೆ ಹೇಳಿ: "ನನಗೆ ಇದುವರೆಗೆ ಸಂಭೋಗ ಆಗಿಲ್ಲ, ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಉಪಕರಣ) ಹಾಕಬೇಡಿ, ಮೊದಲು ಹೊರಗಿನಿಂದ ನೋಡಿ, ನಾನು ನಿಲ್ಲಿಸಿ ಅಂದರೆ ನಿಲ್ಲಿಸಿ." ಮೊದಲ ಭೇಟಿಯಲ್ಲಿ ಬರೇ ಹೊರಗಿನಿಂದ ನೋಡಿದರೂ ಸಾಕಷ್ಟು ಗೊತ್ತಾಗುತ್ತದೆ. ಕನ್ಯಾಪೊರೆ ಕತ್ತರಿಸುವ ಆಪರೇಷನ್‌ಗೆ ಅವಸರ ಬೇಡ. ಪೊರೆಯಲ್ಲಿ ನಿಜವಾದ ತೊಂದರೆ ಕಾಣದೆ ಅದನ್ನು ಕತ್ತರಿಸಿದರೆ ಸ್ನಾಯು ಹಾಗೆಯೇ ಉಳಿಯುತ್ತದೆ, ಮೇಲಿನಿಂದ ಗಾಯದ ನೋವು ಬೇರೆ.

ಇನ್ನು ಹತ್ತು ವಾರ. ಮೊದಲ ವಾರ ಕೈಕನ್ನಡಿ ಹಿಡಿದು ನೋಡುವುದು, ಕೈಯಿಂದ ಹೊರಗೆ ಮುಟ್ಟುವುದು, ಅಷ್ಟೇ. ಎಷ್ಟೋ ಹೆಣ್ಣುಮಕ್ಕಳು ಆ ಜಾಗವನ್ನು ಒಮ್ಮೆಯೂ ನೋಡಿರುವುದಿಲ್ಲ. ಮೂತ್ರದ ದ್ವಾರ ಮೇಲೆ, ಯೋನಿ ಅದರ ಕೆಳಗೆ, ಅದು ಗೊತ್ತಾದರೆ ಅರ್ಧ ಹೆದರಿಕೆ ಇಳಿಯುತ್ತದೆ. ಎರಡನೇ ವಾರದಿಂದ ಉಸಿರಿನ ಜೊತೆ ಸ್ನಾಯು ಬಿಡುವ ಅಭ್ಯಾಸ: ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು 3 ಸೆಕೆಂಡ್ ಬಿಗಿದು, ಉದ್ದ ಉಸಿರು ಬಿಡುತ್ತಾ 10 ಸೆಕೆಂಡ್ ಸಡಿಲ ಬಿಡಿ. ಇಲ್ಲಿ ಮುಖ್ಯವಾದದ್ದು ಆ ಬಿಡುವ 10 ಸೆಕೆಂಡ್.

ಆಮೇಲೆ ಕಿರುಬೆರಳು. ಉಗುರು ಕತ್ತರಿಸಿ, ಕೈ ತೊಳೆದು, ಜೆಲ್ ಹಚ್ಚಿ, ಮೊದಲ ಗಿಣ್ಣಿನವರೆಗೆ ಮಾತ್ರ. ದಿಕ್ಕು ನೇರ ಮೇಲಕ್ಕಲ್ಲ, ಸೊಂಟದ ಹಿಂಬದಿಗೆ ಓರೆಯಾಗಿ. ಬೆರಳು ತಳ್ಳಬೇಡಿ, ಯೋನಿಯ ಬಾಯಿಯಲ್ಲಿ ಇಟ್ಟುಕೊಂಡು ಮಲವಿಸರ್ಜನೆಗೆ ಮುಕ್ಕುವ ಹಾಗೆ ಸ್ವಲ್ಪ ಕೆಳಗೆ ಒತ್ತಡ ಕೊಡಿ, ಆಗ ಬಾಯಿ ತಾನಾಗಿ ಸಡಿಲುತ್ತದೆ. ಒಳಗೆ ಹೋದ ಮೇಲೆ ಅಲ್ಲಾಡಿಸದೆ ಐದು ನಿಮಿಷ ಇಟ್ಟುಕೊಂಡು ಉಸಿರಾಡಿ. ಸ್ನಾಯು ಒಮ್ಮೆ ಬಿಗಿದು, ಸುಸ್ತಾಗಿ ಬಿಡುವುದು ಬೆರಳಿಗೇ ಗೊತ್ತಾಗುತ್ತದೆ. ಈ ಚಿಕಿತ್ಸೆಯ ತಿರುಳು ಆ ಕ್ಷಣದಲ್ಲಿದೆ. ಮೂರು ನಾಲ್ಕು ದಿನ ನೋವು ಹತ್ತರಲ್ಲಿ ಎರಡಕ್ಕಿಂತ ಮೇಲೆ ಹೋಗದಿದ್ದರೆ ಮಾತ್ರ ಮುಂದಿನ ಅಳತೆ: ತೋರುಬೆರಳು, ಎರಡು ಬೆರಳು, ಅಥವಾ ಸಿಲಿಕಾನ್ ಡೈಲೇಟರ್ (ಯೋನಿಯೊಳಗೆ ಇಟ್ಟುಕೊಳ್ಳುವ ನಯವಾದ ಕಡ್ಡಿಯಂಥ ಸಾಧನ) ಸೆಟ್. ಸೆಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಇರುತ್ತವೆ, ಬೆರಳಿನಷ್ಟು ತೆಳ್ಳಗಿನದರಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದವರೆಗೆ. ದಿನಕ್ಕೆ 10ರಿಂದ 15 ನಿಮಿಷ, ವಾರಕ್ಕೆ ಐದು ದಿನ.

ಎಲ್ಲಿ ಹಾಳಾಗುತ್ತದೆ ಅಂದರೆ: ಒಂದು ದಿನ ಚೆನ್ನಾಗಿ ಆಯಿತೆಂದು ಎರಡು ಅಳತೆ ಹಾರುವುದು, ಮುಟ್ಟಿನ ನೆಪದಲ್ಲಿ ಹತ್ತು ದಿನ ಬಿಡುವುದು (ಬಿಟ್ಟಿದ್ದರೆ ಒಂದು ಅಳತೆ ಹಿಂದೆ ಹೋಗಿ ಶುರು ಮಾಡಿ), ಮರಗಟ್ಟಿಸುವ ಲಿಗ್ನೊಕೇಯ್ನ್ ಜೆಲ್ಲಿಯನ್ನೇ ನಂಬಿಕೊಳ್ಳುವುದು. ಉರಿಗೆ ಅದು ಸಹಾಯ ಮಾಡೀತು, ಮುಚ್ಚುವ ಅಭ್ಯಾಸವನ್ನು ಬಿಡಿಸುವುದಿಲ್ಲ.

ಗಂಡ ಬಂದ ಮೇಲೆ ಮೊದಲ ಎರಡು ವಾರ ಸಂಭೋಗ ಪೂರ್ತಿ ನಿಷೇಧ. ಇಬ್ಬರೂ ಒಪ್ಪಿ ಮಾಡಿಕೊಂಡ ನಿಷೇಧ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಕ್ರಮ ಇದು, ಇಂದಿಗೂ ಬಳಕೆಯಲ್ಲಿದೆ: ವಾರಕ್ಕೆ ಮೂರು ಸಲ ಅರ್ಧ ಗಂಟೆ, ಮೊದಲ ವಾರ ಸ್ತನ, ಜನನಾಂಗ ಬಿಟ್ಟು ಉಳಿದ ಮೈ ಮುಟ್ಟುವುದು, ಎರಡನೇ ವಾರ ಅವೂ ಸೇರಿ. ಮೂರನೇ ವಾರ ಅವರ ಬೆರಳು, ನಿಮ್ಮ ಕೈ ಅವರ ಮಣಿಕಟ್ಟಿನ ಮೇಲೆ. ಆಮೇಲೆ ನೀವು ಮೇಲೆ, ಅವರು ಅಲುಗಾಡದೆ ಕೆಳಗೆ, ಒಳಗೆ ಸೇರಿಸುವ ಕೈ ನಿಮ್ಮದೇ. ಮೊದಲ ಸಲ ಅರ್ಧ ಹೋಗಿ ಎರಡು ನಿಮಿಷ ನಿಂತರೆ ಅಷ್ಟಕ್ಕೇ ನಿಲ್ಲಿಸಿ. ಸಾಮಾನ್ಯವಾಗಿ ಮೂರು ತಿಂಗಳ ಆಚೀಚೆ ಬೇಕು. ನಿಮ್ಮ ಹತ್ತು ವಾರ ಮತ್ತು ಅವರ ಆರು ವಾರ ಸೇರಿದರೆ ಸಮಯ ಸಾಕಷ್ಟಿದೆ.

ಅವರನ್ನು ಈಗಲೇ ಒಳಗೆ ಸೇರಿಸಿಕೊಳ್ಳಿ. ಬೋಟಿಮ್ ಆ್ಯಪ್‌ನಲ್ಲಿ ಕಾಲ್ ಮಾಡಿ ಮಾತಾಡುವಾಗ ಇವತ್ತು ಯಾವ ಹಂತ ಎಂದು ಹೇಳಿ. ಏನೂ ಗೊತ್ತಿಲ್ಲದ ಗಂಡ, ಹೆಂಡತಿ ತನ್ನನ್ನು ಬೇಡವೆಂದುಕೊಂಡಿದ್ದಾಳೆ ಎಂದೇ ತಿಳಿಯುತ್ತಾನೆ.

ಸೇರಿಸುವುದು (ಫಿಸಿಯೋಥೆರಪಿಸ್ಟ್, ಸೊಂಟದ ತಳದ ಸ್ನಾಯುಗಳ ವಿಭಾಗ):
ಮೇಡಂ ಹೇಳಿದ್ದಕ್ಕೆ ಎರಡು ಮಾತು. ಯೂಟ್ಯೂಬ್ ನೋಡಿ ಬರೇ ಕೀಗಲ್ ವ್ಯಾಯಾಮ ಮಾಡಬೇಡಿ. ಅದು ಸಡಿಲವಾದ ಸ್ನಾಯುವನ್ನು ಬಿಗಿ ಮಾಡಲಿಕ್ಕೆ. ನಿಮ್ಮದು ಮೊದಲೇ ಬಿಗಿಯಾಗಿ ಕೂತಿದೆ. ಮೂತ್ರ ಹೋಗುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ. ಮಲಗುವ ಭಂಗಿ: ಅಂಗಾತ, ಮಂಡಿ ಮಡಚಿ, ಎರಡೂ ಮಂಡಿಯ ಹೊರಬದಿಗೆ ಒಂದೊಂದು ದಿಂಬು, ತೊಡೆಯ ಭಾರ ದಿಂಬು ಹೊರಲಿ. ತೊಡೆ ನಡುಗುತ್ತಿದ್ದರೆ ತಳದ ಸ್ನಾಯು ಬಿಡುವುದಿಲ್ಲ. ದವಡೆ ಕಚ್ಚಿಕೊಂಡಿದ್ದೀರಾ ನೋಡಿ, ಬಾಯಿ ಸ್ವಲ್ಪ ತೆರೆದಿಡಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿ ಮಾಡಿ.

ಮರುಪ್ರಶ್ನೆ (ಅದೇ ಸದಸ್ಯೆ):
ಜೆಲ್ ಬದಲು ತೆಂಗಿನೆಣ್ಣೆ ಆಗ್ತದಾ? ಕೋಣೆಯ ಚಿಲಕ ಸರಿ ಬೀಳುವುದಿಲ್ಲ, ಯಾವಾಗ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ. ಮತ್ತೆ ಐವಿಎಫ್ ವಿಷಯ ಎಂತ ಹೇಳಲಿ?

ಉತ್ತರ (ಮನೋವೈದ್ಯೆ):
ಮೊದಲ ಕೆಲಸ ಚಿಲಕ ರಿಪೇರಿ. ನಾನು ತಮಾಷೆಗೆ ಹೇಳುತ್ತಿಲ್ಲ. ಬಾಗಿಲ ಕಡೆ ಕಿವಿ ಇಟ್ಟುಕೊಂಡಿರುವ ಮೈ ಸಡಿಲಾಗುವುದಿಲ್ಲ. ಸ್ನಾನಕ್ಕೆ ಮೊದಲಿನ ಹದಿನೈದು ನಿಮಿಷ ಆರಿಸಿಕೊಂಡರೆ ಯಾರೂ ಕೇಳುವುದಿಲ್ಲ.

ತೆಂಗಿನೆಣ್ಣೆ ಬೆರಳಿನ ಅಭ್ಯಾಸಕ್ಕೆ ಆಗುತ್ತದೆ. ಲ್ಯಾಟೆಕ್ಸ್ ಕಾಂಡೋಮ್ ಜೊತೆ ಮಾತ್ರ ಯಾವ ಎಣ್ಣೆಯೂ ಬೇಡ, ಕೆಲವೇ ನಿಮಿಷದಲ್ಲಿ ರಬ್ಬರ್ ಸೋತು ಹರಿಯುತ್ತದೆ. ಸೋಂಕಿನ ತುರಿಕೆ ಇದ್ದಾಗಲೂ ಎಣ್ಣೆ ಬಿಟ್ಟು ನೀರಿನ ಆಧಾರದ ಜೆಲ್ ಬಳಸಿ.

ಐವಿಎಫ್ ಸೆಂಟರಿನಲ್ಲಿ ಸಂಭೋಗವೇ ಆಗಿಲ್ಲ ಎಂಬುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ನಿಮಗೆ ಅಗತ್ಯವಿಲ್ಲದ ಇಂಜೆಕ್ಷನ್, ಸ್ಕ್ಯಾನ್, ದೊಡ್ಡ ಬಿಲ್ಲು. ಆ ಸ್ಕ್ಯಾನ್ ಕೂಡ ಹೆಚ್ಚಾಗಿ ಯೋನಿಯ ಮೂಲಕವೇ ಮಾಡುವಂಥದ್ದು. ಮಗು ಬೇಗ ಬೇಕೆಂದೇ ಇದ್ದರೆ, ಗಂಡ ಊರಲ್ಲಿದ್ದಾಗ ಸ್ವಚ್ಛ ಡಬ್ಬಿಯಲ್ಲಿ ತೆಗೆದ ವೀರ್ಯವನ್ನು ಅರ್ಧ ಗಂಟೆಯೊಳಗೆ ಸೂಜಿ ಇಲ್ಲದ ಹೊಸ ಸಿರಿಂಜ್‌ನಿಂದ ಒಳಗೆ ಬಿಡಬಹುದು. 28 ದಿನದ ಮುಟ್ಟಿನ ಚಕ್ರವಾದರೆ 11ರಿಂದ 15ನೇ ದಿನದೊಳಗೆ, ದಿನ ಬಿಟ್ಟು ದಿನ. ಎಂಜಲು, ಸಾಮಾನ್ಯ ಜೆಲ್ ತಾಗಬಾರದು, ವೀರ್ಯಾಣುವಿನ ಓಟ ಕುಂದುತ್ತದೆ. ಸಿರಿಂಜ್ ಕಿರುಬೆರಳಿಗಿಂತ ದಪ್ಪ ಇರುವುದಿಲ್ಲ, ನಿಮ್ಮ ಆರನೇ ವಾರದ ಅಭ್ಯಾಸಕ್ಕೆ ಅದು ದೊಡ್ಡದಲ್ಲ. ಆದರೆ ಗರ್ಭ ನಿಂತಿತೆಂದು ಚಿಕಿತ್ಸೆ ಬಿಡಬೇಡಿ. ಹೆರಿಗೆ ಕೋಣೆಯಲ್ಲಿ ಒಳಪರೀಕ್ಷೆ ಇದ್ದೇ ಇರುತ್ತದೆ.

ಪ್ರಶ್ನೆ (ಅನಾಮಿಕ ಸದಸ್ಯ, ಕಾಪು; ಈಗ ಶಾರ್ಜಾ):
ಸರ್, ಮೇಡಂ, ವಯಸ್ಸು 41, ಐದು ವರ್ಷದಿಂದ ಶುಗರ್. ರಜೆಯಲ್ಲಿ ಬಂದರೆ ಮೊದಲ ದಿನ ಒಂದು ನಿಮಿಷದಲ್ಲಿ ಮುಗೀತದೆ, ಆಮೇಲೆ ನಿಮಿರುವುದೇ ಇಲ್ಲ. ರೂಮ್‌ಮೇಟ್ ಕೊಟ್ಟ ವಯಾಗ್ರಾ ಒಮ್ಮೆ ತಗೊಂಡೆ, ಕೆಲಸ ಮಾಡಲಿಲ್ಲ.

ಉತ್ತರ (ಮನೋವೈದ್ಯೆ):
ತಿಂಗಳುಗಟ್ಟಲೆ ದೂರ ಇದ್ದು ಬಂದ ಮೇಲೆ ಮೊದಲ ದಿನ ಬೇಗ ಆಗುವುದು ಕಾಯಿಲೆ ಅಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆಮೇಲಿನದು ನೋಡಬೇಕಾದದ್ದು. ಬೆಳಗ್ಗೆ ಏಳುವಾಗ ನಿಮಿರಿರುತ್ತದಾ? ಇರುತ್ತದೆ ಎಂದಾದರೆ ಹೆಚ್ಚಾಗಿ ಹೆದರಿಕೆಯ ಪಾಲು ದೊಡ್ಡದು. ಅದೂ ನಿಂತಿದ್ದರೆ ರಕ್ತನಾಳ, ನರದ ಕಡೆ ನೋಡಬೇಕು. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಪೂರ, ಹಾಗಾಗಿ ಮೊದಲು ಕಟ್ಟುವುದು ಅಲ್ಲಿ. ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ಇದು ಸೂಚನೆ ಕೊಡುವುದುಂಟು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟರಾಲ್, ಬಿಪಿ, ಥೈರಾಯ್ಡ್, ಬೆಳಿಗ್ಗೆ 8ರಿಂದ 10ರೊಳಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೊಸ್ಟೆರಾನ್, 41ಕ್ಕೆ ಶುಗರ್ ಇರುವವರಿಗೆ ಇಸಿಜಿಯೂ. ಸಿಗರೇಟ್ ಇದ್ದರೆ ಅದೇ ಮೊದಲ ಔಷಧ, ಬಿಡುವುದು.

ಉತ್ತರ (ಫಾರ್ಮಸಿಸ್ಟ್):
ಮಾತ್ರೆ ಕೆಲಸ ಮಾಡದ್ದಕ್ಕೆ ಕಾರಣ ಹೆಚ್ಚಾಗಿ ತಗೊಂಡ ಕ್ರಮ. ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧ) 50 ಮಿಲಿಗ್ರಾಂ ಒಂದು ಗಂಟೆ ಮೊದಲು, ಹಗುರ ಹೊಟ್ಟೆಯಲ್ಲಿ. ತುಪ್ಪದನ್ನ, ಕೋಳಿ ಸುಕ್ಕ ಹೊಡೆದು ತಗೊಂಡರೆ ಕೆಲಸ ಶುರುವಾಗುವುದೇ ಒಂದು ಗಂಟೆ ತಡ, ಅದೂ ಕಡಿಮೆ. ಮಾತ್ರೆ ತಾನಾಗಿ ನಿಮಿರಿಸುವುದಿಲ್ಲ, ಸ್ಪರ್ಶ, ಆಸೆ ಬೇಕೇ ಬೇಕು. ಒಮ್ಮೆ ಆಗಲಿಲ್ಲ ಅಂತ ಬಿಡುವುದಲ್ಲ, ಆರೆಂಟು ಸಲ ಸರಿಯಾಗಿ ತಗೊಂಡು ನೋಡಬೇಕು. ದಿನಕ್ಕೆ ಒಂದೇ. ಇದೇ ಜಾತಿಯ ಟಡಲಾಫಿಲ್ ಆದರೆ ಊಟದ ಗೊಡವೆ ಇಲ್ಲ, 36 ಗಂಟೆಯವರೆಗೆ ಇರುತ್ತದೆ.

ಎದೆನೋವಿಗೆ ನಾಲಗೆ ಅಡಿ ಇಡುವ ಸಾರ್ಬಿಟ್ರೇಟ್, ಅಥವಾ ಯಾವುದೇ ನೈಟ್ರೇಟ್ ಇರುವವರು ಇದನ್ನು ಮುಟ್ಟಲೇಬಾರದು, ಬಿಪಿ ಪಾತಾಳಕ್ಕೆ ಇಳಿದು ಪ್ರಾಣಕ್ಕೆ ಬರುತ್ತದೆ. ಮಾತ್ರೆ ತಗೊಂಡ ರಾತ್ರಿ ಎದೆನೋವು ಬಂದರೆ ಕ್ಯಾಶುವಾಲ್ಟಿಯಲ್ಲಿ ನಾಚಿಕೆ ಬಿಟ್ಟು ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ಅವರು ನೈಟ್ರೇಟ್ ಕೊಡಬಾರದು. ನಿಮಿರಿದ್ದು ನಾಲ್ಕು ಗಂಟೆ ಇಳಿಯದಿದ್ದರೆ ಅದೂ ಎಮರ್ಜೆನ್ಸಿ. ಹೆಸರಿಲ್ಲದ "ಗಿಡಮೂಲಿಕೆ" ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ, ಎಷ್ಟು ಅಂತ ಅಳತೆಯಿಲ್ಲದೆ. ದಯವಿಟ್ಟು ಅವು ಬೇಡ.

ಪ್ರಶ್ನೆ (ಅನಾಮಿಕ ಸದಸ್ಯ):
ನಿನ್ನೆ ರಾತ್ರಿ ದುಡ್ಡು ಕೊಟ್ಟು ಹೋಗಿದ್ದೆ. ಕಾಂಡೋಮ್ ಹರಿಯಿತು. ಈಗಲೇ ಟೆಸ್ಟ್ ಮಾಡಿಸಿದರೆ ಗೊತ್ತಾಗ್ತದಾ?

ಉತ್ತರ (ಮನೋವೈದ್ಯೆ):
ಟೆಸ್ಟ್‌ಗಿಂತ ಮೊದಲು ಮಾತ್ರೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಪ್ರತಿ ಗಂಟೆ ತಡವಾದಷ್ಟೂ ಪ್ರಯೋಜನ ಕಡಿಮೆ, ನಾಳೆ ನೋಡುವ ಅನ್ನಬೇಡಿ. 28 ದಿನ ಒಂದೂ ಬಿಡದೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಕೇಳಿ, ರಾತ್ರಿಯಾದರೆ ಕ್ಯಾಶುವಾಲ್ಟಿಗೇ ಹೋಗಿ. 1097 ಎಚ್‌ಐವಿ ಬಗ್ಗೆ ಉಚಿತ ಸಹಾಯವಾಣಿ. ಇವತ್ತಿನ ರಕ್ತಪರೀಕ್ಷೆ ಹಳೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಆರು ವಾರಕ್ಕೆ ಮತ್ತು ಮೂರು ತಿಂಗಳಿಗೆ ಪುನಃ ಮಾಡಿಸಬೇಕು. ಸಿಫಿಲಿಸ್, ಹೆಪಟೈಟಿಸ್ ಬಿ ಕೂಡ. ಅಲ್ಲಿಯವರೆಗೆ, ಮದುವೆಯಾಗಿದ್ದರೆ ಹೆಂಡತಿಯ ಜೊತೆ, ಕಾಂಡೋಮ್. ಆ ಹೆಣ್ಣುಮಗಳಿಗೂ ಅಪಾಯ ಆಗಿದೆ. ಅವರನ್ನು ಸಂಪರ್ಕಿಸಲಿಕ್ಕೆ ಆಗುತ್ತದಾದರೆ ಅವರಿಗೂ ಹೇಳಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಫಲಿತಾಂಶವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ.

ಪ್ರಶ್ನೆ (ಅನಾಮಿಕ ಸದಸ್ಯ, ಮಣಿಪಾಲ):
ನನಗೆ ಗಂಡಸರ ಮೇಲೆಯೇ ಆಕರ್ಷಣೆ, ಹೈಸ್ಕೂಲಿನಿಂದ. ಮನೆಯಲ್ಲಿ ಹೇಳಿದೆ. ಅಪ್ಪ ಒಬ್ಬರ ಹತ್ತಿರ ಕರ್ಕೊಂಡು ಹೋದರು, ಅವರು "ಆರು ತಿಂಗಳ ಕೋರ್ಸ್, ಮದುವೆಯಾದರೆ ಸರಿಯಾಗ್ತದೆ" ಅಂದ್ರು. ಹುಡುಗಿ ನೋಡಿಯಾಗಿದೆ.

ಉತ್ತರ (ಮನೋವೈದ್ಯೆ):
ಸರಿಯಾಗಲಿಕ್ಕೆ ಕಾಯಿಲೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಬದಲಾಯಿಸುವ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. "ಕೋರ್ಸ್" ಅಂದವರು ನೋಂದಾಯಿತ ವೈದ್ಯರಾಗಿದ್ದರೆ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಚೀಟಿ, ರಸೀದಿ ಇಟ್ಟುಕೊಳ್ಳಿ.

ಮದುವೆಗೆ ಬೇಡ ಎಂದು ಈಗಲೇ ಹೇಳಿ, ಎಷ್ಟೇ ಕಷ್ಟವಾದರೂ. ಇಂಥ ಮದುವೆಯಲ್ಲಿ ಹತ್ತಿರ ಬಾರದ ಗಂಡನ ಕಾರಣ ಯಾರಿಗೂ ಗೊತ್ತಾಗುವುದಿಲ್ಲ, ಪರೀಕ್ಷೆಗೆ, ಹರಕೆಗೆ, ಮಾತಿಗೆ ಗುರಿಯಾಗುವುದು ಆ ಹುಡುಗಿ. ಅಪ್ಪ ಅಮ್ಮನ ಜೊತೆ ಒಮ್ಮೆ ಬನ್ನಿ. ಮೊದಲ ಅರ್ಧ ಗಂಟೆ ನೀವು ಹೊರಗೆ ಕುಳಿತಿರಿ, ಅವರ ಹತ್ತಿರ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ನಿದ್ರೆ ಬಾರದಿದ್ದರೆ, ಬದುಕು ಬೇಡ ಅನಿಸಿದರೆ, 14416 ಟೆಲಿ-ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ), ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.