ಸಮಸ್ಯೆ: ‘ಮಗನ ಕೊಂದವನ ಮನೆಯೂಟವುಂಡಂ’

ಮಾನ್ಯರೇ, ಈ ಸಲದ ಸಮಸ್ಯಾಪಾದ, ಅಂದರೆ ಉಳಿದ ಸಾಲುಗಳನ್ನು ಕಟ್ಟಿ ಪೂರಣ ಮಾಡಬೇಕಾದ ವಿರೋಧದ ಸಾಲು, ಮೇಲಿನದು. ಪಂಚಮಾತ್ರಾ ಚೌಪದಿಯ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯ) ಕೊನೆಯ ಸಾಲಾಗಿ ಇದನ್ನು ನಿಲ್ಲಿಸಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಗಕಾರದ ಪ್ರಾಸ, ಅದರ ಹಿಂದಿನ ಅಕ್ಷರ ಲಘು, ಅಂದರೆ ಸಿಂಹಪ್ರಾಸ. ಯುದ್ಧದಲ್ಲಿ ಮಡಿದ ಎಳೆಯ ಯೋಧನೊಬ್ಬನ ನೆನಪಿಗೆ ಪದ್ಯ ಸಲ್ಲುವಂತಿರಲಿ.

ಮೊದಲ ಪೂರಣ

ಜಗಳದೊಳ್ ನೂರ್ವರಂ ಭೀಮನಿಂ ಕಳೆದರಸ
ಮೊಗವೆತ್ತಲಾರದಾ ಕುರುಡನಹಹಾ
ಬಿಗಿದ ಗಂಟಲೊಳಿಳಿಸಿ ತುತ್ತು ತುತ್ತಂ ದಿನಂ
ಮಗನ ಕೊಂದವನ ಮನೆಯೂಟವುಂಡಂ

ಸಮಸ್ಯೆಯನ್ನು ಓದಿದೊಡನೆ ನೆನಪಾದವನು ಧೃತರಾಷ್ಟ್ರ. ಭೀಮನು ಎಸೆದ ಪಿಂಡವನ್ನು ಮನೆಯ ನಾಯಿಯಂತೆ ತಿನ್ನುತ್ತಿರುವೆಯೆಂದು ಭಾಗವತದಲ್ಲಿ ವಿದುರನು ಅವನನ್ನು ಚುಚ್ಚುವ ಮಾತೇ ಈ ಪದ್ಯಕ್ಕೆ ಆಧಾರ.

ಸಮಸ್ಯೆ ಕೊಟ್ಟವರ ಮಾತು

ಬಂಧ ಬಿಗಿಯಾಗಿದೆ, ‘ಬಿಗಿದ ಗಂಟಲು’ ಸೊಗಸಾಗಿದೆ. ಆದರೆ ನೂರ್ವರನ್ನು ಕಳೆದುಕೊಂಡವನಿಗೆ ‘ಮಗನ’ ಎಂಬ ಏಕವಚನ ಹೊಂದುವುದಿಲ್ಲ. ಎಳೆಯ ಯೋಧನಂತೂ ಇಲ್ಲಿ ಕಾಣುವುದೇ ಇಲ್ಲ.

ಎರಡನೆಯ ಪೂರಣ

ಹಗೆಯ ಗಡಿಯಂ ದಾಂಟಿ ಹುಟ್ಟೂರ ಕಾಣಲೆನೆ
ಬಗೆಯೊಳಳಲಂ ತಾಳ್ದ ವೃದ್ಧ ಜನಕಂ
ಮಿಗೆ ಮರುಗಿ ಮನೆಯೊಡೆಯನೊರೆವನ್ನೆಗಂ ದಿಟವ
ಮಗನ ಕೊಂದವನ ಮನೆಯೂಟವುಂಡಂ

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪೂನಾ ಹಾರ್ಸ್ ರೆಜಿಮೆಂಟಿಗೆ ಸೇರಿದ್ದು 1971ರ ಜೂನ್ ತಿಂಗಳಿನಲ್ಲಿ. ಅದೇ ವರ್ಷ ಡಿಸೆಂಬರ್ 16ರಂದು, ಅತ್ತ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನವೇ, ಇತ್ತ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ಹೊತ್ತಿ ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಹೊರಬರುವಂತೆ ಮೇಲಧಿಕಾರಿ ರೇಡಿಯೋದಲ್ಲಿ ಹೇಳಿದಾಗ, ತನ್ನ ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆಯೆಂದು ಉತ್ತರಿಸಿ ಅಲ್ಲಿಯೇ ನಿಂತು ಮಡಿದ ಅವನಿಗೆ ಆಗ 21 ವರ್ಷ. ಮರಣೋತ್ತರವಾಗಿ ಪರಮವೀರ ಚಕ್ರ ಬಂದಿತು. ಮೂವತ್ತು ವರ್ಷಗಳ ಬಳಿಕ, 2001ರಲ್ಲಿ, ತಾವು ಹುಟ್ಟಿದ ಸರ್ಗೋಧಾವನ್ನು ನೋಡಲು ಹೋದ ಅವನ ತಂದೆ, ನಿವೃತ್ತ ಬ್ರಿಗೇಡಿಯರ್, ಲಾಹೋರಿನಲ್ಲಿ ಖ್ವಾಜಾ ಮೊಹಮ್ಮದ್ ನಾಸೆರ್ ಎಂಬ ನಿವೃತ್ತ ಸೇನಾಧಿಕಾರಿಯ ಅತಿಥಿಯಾಗಿದ್ದರು. ಹೊರಡುವ ಮುನ್ನಿನ ರಾತ್ರಿ ಆತಿಥೇಯರು, ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದಲೇ ಎಂದು ತಾವಾಗಿ ಹೇಳಿಕೊಂಡರು.

ಮೂರನೆಯ ಪೂರಣ

ನೆಗೆವುರಿಯ ರಥಮನುಂ ತೊರೆಯದಾ ತರುಣನಂ
ಹಗೆಯೆ ಕೊಂಡಾಡೆ ಕಿವಿತುಂಬ ಕೇಳ್ದು
ಸೊಗಮೊ ಸಂಕಟಮೊಯೆಂದರಿಯದಾ ನುಡಿಗಳನೆ
ಮಗನ ಕೊಂದವನ ಮನೆಯೂಟವುಂಡಂ

ಹಿಂದಿನ ಪೂರಣದ ವಸ್ತುವನ್ನೇ ಎತ್ತಿಕೊಂಡಿದ್ದೇನೆ, ಕವಿಗಳು ಮನ್ನಿಸಬೇಕು. ಅಲ್ಲಿ ತಂದೆ ಉಂಡದ್ದು ತಿಳಿಯದೆ. ತಿಳಿಯದೆ ಉಂಡವನಲ್ಲಿ ವಿರೋಧವೇ ಇಲ್ಲವಾದ್ದರಿಂದ ಸಮಸ್ಯೆಯ ಗಂಟು ಬಿಚ್ಚಿದ್ದಕ್ಕಿಂತ ಜಾರಿಸಿದಂತಾಯಿತೆಂದು ನನಗೆ ತೋರಿತು. ನಿಜ ತಿಳಿದ ಮೇಲೆಯೂ ‘ಉಂಡಂ’ ಎನ್ನುವುದು ಸಲ್ಲಬೇಕಾದರೆ ಊಟದ ಅರ್ಥವೇ ಬದಲಾಗಬೇಕು. ಮಗನ ಕೊನೆಯ ಗಳಿಗೆಯನ್ನು ಎದುರಿನ ಟ್ಯಾಂಕಿನಿಂದ ಕಂಡವನು ಅವನ ಧೈರ್ಯವನ್ನು ಹೊಗಳುವಾಗ ತಂದೆಯ ಪಾಲಿಗೆ ಬಂದದ್ದು ಆ ಮಾತುಗಳ ಊಟ. ಧೃತರಾಷ್ಟ್ರನಿಗೆ ಅಂಥ ತುತ್ತು ಒಂದೂ ಸಿಗಲಿಲ್ಲ; ಭೀಮನಿಂದ ಅವನು ಕೇಳಿದ್ದು ಕುಹಕವನ್ನೇ.

ಸಮಸ್ಯೆ ಕೊಟ್ಟವರ ಮಾತು

ಒಪ್ಪಿದೆ. ‘ನುಡಿಗಳನೆ’ ಮತ್ತು ‘ಊಟವ’ ಎಂದು ಎರಡು ಕರ್ಮಪದಗಳು ಒಂದೇ ಕ್ರಿಯೆಗೆ ಜೋತುಬಿದ್ದಿರುವುದು ಸ್ವಲ್ಪ ತೊಡಕೇ, ಆದರೂ ಭಾವ ಅದನ್ನು ಹೊತ್ತು ದಾಟಿಸುತ್ತದೆ. ‘ರಥ’ಕ್ಕೆ ಬದಲಾಗಿ ಆ ಸೆಂಚುರಿಯನ್ ಟ್ಯಾಂಕಿಗಿದ್ದ ಹೆಸರನ್ನೇ ತರಲಾಗುತ್ತಿತ್ತೇ?

ಮೂರನೆಯ ಪೂರಣದವರ ಉತ್ತರ

ಯತ್ನಿಸಿದೆ. ಅದರ ಹೆಸರು ‘ಫಾಮಾಗುಸ್ತಾ’. ಮೊದಲಕ್ಷರವೇ ಗುರು, ಎರಡನೆಯದು ಮಕಾರ. ಪ್ರಾಸಸ್ಥಾನದ ಹತ್ತಿರವೂ ಸುಳಿಯಲೊಲ್ಲದು. ಸಾಲಿನ ನಡುವೆ ಇಡೋಣವೆಂದರೆ ನಾಲ್ಕೂ ಗುರುಗಳೇ ಆದ್ದರಿಂದ ಐದು ಮಾತ್ರೆಗೆ ಗಣ ಸಲೀಸಾಗಿ ಒಡೆಯುತ್ತಿಲ್ಲ. ಯಾರಾದರೂ ಕೂಡಿಸಿದರೆ ನನ್ನ ಮೊದಲ ಸಾಲನ್ನು ಸಂತೋಷದಿಂದ ಬಿಟ್ಟುಕೊಡುವೆ.