ಬಾಯ್ಸಿಯ ಅಮುಮಂದಿರು ಮತ್ತು ನಮ್ಮ ಶನಿವಾರದ ಕ್ಲಾಸು

ನಿಂತುಹೋಗಿರುವ ನಮ್ಮ ಮಕ್ಕಳ ಶನಿವಾರದ ಕನ್ನಡ ಕ್ಲಾಸಿನ ಬಗ್ಗೆ ಹೋದ ವಾರ ಇಲ್ಲಿ ನಡೆದ ಮಾತೆಲ್ಲ ಓದಿದೆ. "ಲೇಡೀಸ್ ಹೇಗೂ ಅಡುಗೆಗೆ ಅಂತ ಬಂದಿರ್ತಾರೆ, ಹಾಗೇ ಮಕ್ಕಳಿಗೆ ಒಂದು ಗಂಟೆ ಕನ್ನಡನೂ ಹೇಳಿಕೊಟ್ಟರಾಯ್ತು" ಅಂತ ಒಬ್ಬ ಅಣ್ಣ ಬರೆದಿದ್ದರು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಜಗಳಕ್ಕೆ ಬರೆಯುತ್ತಿಲ್ಲ. ನಾವಿರುವ ಊರಿನ ಕತೆ ಹೇಳುತ್ತೇನೆ, ಕೇಳಿ.

ನಾವಿರುವುದು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಬಂದ ಹೊಸದರಲ್ಲಿ ಒಂದು ಸಂಜೆ ಪಾರ್ಕಿನಲ್ಲಿ ಯಾವುದೋ ಮಗು "ಅಮುಮ, ಅಮುಮ" ಅಂತ ಕೂಗಿತು. ನನ್ನ ಮಗಳು ಜಾರುಬಂಡೆ ಮೇಲಿಂದಲೇ ತಿರುಗಿ ನೋಡಿದಳು. ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮಮ್ಮ ಅನ್ನುತ್ತೇವೆ. ನೋಡಿದರೆ ಅದು ಬಾಸ್ಕ್ ಮಗು. ಅವರಲ್ಲಿ ಅಮುಮ ಅಂದರೆ ಅಜ್ಜಿ, ಅಮ ಅಂದರೆ ಅಮ್ಮ. (ಕನ್ನಡಕ್ಕೂ ಬಾಸ್ಕಿಗೂ ನಂಟಿದೆ ಅಂತ ದಯವಿಟ್ಟು ಯಾರೂ ವಾಟ್ಸಾಪಿನಲ್ಲಿ ಹರಡಬೇಡಿ. ಆ ಭಾಷೆಗೆ ಇಂದು ಬದುಕಿರುವ ನೆಂಟರು ಯಾರೂ ಇಲ್ಲ.)

ಸ್ಪೇನ್ ಮತ್ತು ಫ್ರಾನ್ಸ್ ಸೇರುವ ಕಡೆಯ ಜನ ಇವರು. ಬಾಯ್ಸಿಗೆ ಬಂದವರಲ್ಲಿ ಹೆಚ್ಚಿನವರು ಸ್ಪೇನಿನ ಬಿಸ್ಕಾಯ ಪ್ರಾಂತ್ಯದವರು. ಗಂಡಸರು ಕುರಿ ಕಾಯಲು ಗುಡ್ಡಕ್ಕೆ ಹೋಗುತ್ತಿದ್ದರು. ಊರಿಗೆ ಇಳಿದಾಗ ಅವರಿಗೆ ಮನೆ ಅಂತ ಇದ್ದದ್ದು ಬೋರ್ಡಿಂಗ್ ಹೌಸ್, ಅಂದರೆ ದುಡ್ಡು ಕೊಟ್ಟು ಉಂಡು ಮಲಗುವ ಮನೆ. ಅದರ ಹೆಸರು ಗಂಡನದ್ದು, ನಡೆಸುತ್ತಿದ್ದವಳು ಹೆಂಡತಿ. ಬೆಳಗಿನ ಜಾವ ಒಲೆ ಹಚ್ಚುವುದು, ರಾಶಿ ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ಅಷ್ಟೇ ಅಲ್ಲ. ಇಂಗ್ಲಿಷ್ ಬಾರದವನನ್ನು ಡಾಕ್ಟರ ಹತ್ತಿರ ಕರೆದೊಯ್ಯುವವಳೂ ಅವಳೇ, ಅವನ ಪತ್ರ ಎತ್ತಿಡುವವಳೂ ಅವಳೇ. ಊರಿಂದ ಕೆಲಸಕ್ಕೆ ಬಂದ ಹುಡುಗಿಯರು ಕುರಿ ಕಾಯುವವರನ್ನೇ ಮದುವೆಯಾಗಿ, ಮುಂದೆ ತಾವೇ ಇನ್ನೊಂದು ಬೋರ್ಡಿಂಗ್ ಹೌಸ್ ಇಟ್ಟದ್ದೂ ಉಂಟು. ಆ ಮನೆಗಳಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಶಾಲೆ ಮೆಟ್ಟಿಲು ಹತ್ತುವ ತನಕ ಬಾಸ್ಕ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಯಾರೂ ಕ್ಲಾಸು ಮಾಡಿರಲಿಲ್ಲ. ಅನ್ನ ಬೇಕಿದ್ದರೆ ಆ ಭಾಷೆಯಲ್ಲೇ ಕೇಳಬೇಕಿತ್ತು, ಅಷ್ಟೇ.

ಗ್ರೋವ್ ಸ್ಟ್ರೀಟಿನಲ್ಲಿ ಅಂಥದೊಂದು ಇಟ್ಟಿಗೆ ಮನೆ ಈಗಲೂ ಇದೆ. ಕಟ್ಟಿದ್ದು 1864ರಲ್ಲಿ, ಬೋರ್ಡಿಂಗ್ ಹೌಸ್ ಆದದ್ದು 1910ರಲ್ಲಿ. ಹೊಸೆ ಮತ್ತು ಎರ್ಮೆನೆಹಿಲ್ದಾ ಉಬೆರುವಾಗ ದಂಪತಿ ಬಹಳ ಕಾಲ ನಡೆಸಿದರು. ಆಮೇಲೆ ಪಾಳು ಬೀಳುವ ಹಾಗಿದ್ದಾಗ ಅದನ್ನು ಕೊಂಡು ಉಳಿಸಿದ್ದೂ ಒಬ್ಬ ಹೆಂಗಸೇ, ಅಡೇಲಿಯಾ ಗಾರೊ ಸಿಂಪ್ಲಾಟ್. 1985ರಲ್ಲಿ ಅಲ್ಲೇ ಬಾಸ್ಕ್ ಮ್ಯೂಸಿಯಂ ಶುರುವಾಯಿತು. ನಾನು ಹೋದಾಗ ಆ ಊಟದ ಮೇಜಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಇಷ್ಟು ಜನರ ಅಡುಗೆ, ಆ ಕಾಲದಲ್ಲಿ! ನಾವು ಯುಗಾದಿಗೆ ನಲವತ್ತು ಜನಕ್ಕೆ ಒಬ್ಬಟ್ಟು ಮಾಡಿ ಎರಡು ದಿನ ಸೊಂಟ ಹಿಡಿದುಕೊಂಡು ಮಲಗುತ್ತೇವೆ.

ಅತ್ತ ಸ್ಪೇನಿನಲ್ಲಿ, ಬಾಸ್ಕರ ತಾಯ್ನಾಡಿನಲ್ಲಿ, ಕತೆ ಬೇರೆ. ಬಾಸ್ಕ್ ರಾಷ್ಟ್ರವಾದಿ ಹೆಂಗಸರು 1922ರಲ್ಲಿ ಬಿಲ್ಬಾವೊದಲ್ಲಿ 'ಎಮಾಕುಮೆ ಅಬೆರ್ಟ್ಸಾಲೆ ಬತ್ಸಾ' ಅಂತ ತಮ್ಮದೇ ಸಂಘ ಕಟ್ಟಿದರು. ಎಮಾಕುಮೆ ಅಂದರೆ ಹೆಂಗಸು. ಅವರಿಗೆ ಮಾದರಿ ಐರ್ಲೆಂಡಿನ ಹೆಂಗಸರ ಸಂಘ. ಮರುವರ್ಷವೇ ಸರ್ವಾಧಿಕಾರ ಬಂದು ಸಂಘ ಮುಚ್ಚಿತು, 1931ರಲ್ಲಿ ಮತ್ತೆ ಎದ್ದಿತು. ಪೊಲಿಷೆನೆ ಟ್ರಬುದುವಾ ಅನ್ನುವಾಕೆ ಹಳ್ಳಿಹಳ್ಳಿಗೆ ಹೋಗಿ ಭಾಷಣ ಮಾಡಿ ಜೈಲಿಗೂ ಹೋದಳು. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಮೇಲೆ ಸರ್ವಾಧಿಕಾರಿ ಫ್ರಾಂಕೊನ ಕಾಲ. ಊರು ಬಿಟ್ಟವರು ಬ್ಯೂನಸ್ ಐರಿಸ್‌ನಲ್ಲೂ ಕರಾಕಸ್‌ನಲ್ಲೂ ಅದೇ ಹೆಸರಿನ ಸಂಘ ಮಾಡಿಕೊಂಡರು. ಟ್ರಬುದುವಾ ಹೋದದ್ದು ವೆನೆಜುವೆಲಾಕ್ಕೆ.

ಅದೇ ಸಂಘದ ಇನ್ನೊಬ್ಬಾಕೆ ಎಲ್ವಿರಾ ಸಿಪಿತ್ರಿಯ. ಈಕೆ ಫ್ರಾನ್ಸಿಗೆ ಹೋಗಿದ್ದವಳು ವಾಪಸ್ ಬಂದು, 1940ರ ದಶಕದಲ್ಲಿ ಸಾನ್ ಸೆಬಾಸ್ಟಿಯನ್‌ನ ಒಂದು ಮನೆಯೊಳಗೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಗುಟ್ಟಾಗಿ ಬಾಸ್ಕಿನಲ್ಲಿ ಪಾಠ ಶುರು ಮಾಡಿದಳು. ಇಕಸ್ತೋಲ ಅನ್ನುವ ಬಾಸ್ಕ್ ಶಾಲೆಗಳು ಫ್ರಾಂಕೊ ಕಾಲದಲ್ಲೂ ಉಳಿದು ಬೆಳೆದದ್ದು ಇಂಥ ಮನೆಪಾಠಗಳಿಂದ. ಬಾಯ್ಸಿಯಲ್ಲೂ 1998ರಿಂದ ಒಂದು ಇಕಸ್ತೋಲ ಇದೆ. ಪುಟ್ಟ ಮಕ್ಕಳ ಶಾಲೆ. ಅಲ್ಲಿ ಬಾಸ್ಕ್ ಒಂದು ಸಬ್ಜೆಕ್ಟ್ ಅಲ್ಲ. ಶೂ ಕಟ್ಟು, ಕೈ ತೊಳೆ, ಅವನನ್ನು ಕಚ್ಚಬೇಡ, ಎಲ್ಲವೂ ಬಾಸ್ಕಿನಲ್ಲೇ.

ಒಂದನೇ ಕ್ಲಾಸಿಗೆ ಇಂಗ್ಲಿಷ್ ಶಾಲೆಗೆ ಹೋದ ಮೇಲೆ ಆ ಮಾತು ಎಷ್ಟು ಉಳಿಯುತ್ತದೆ ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ನನ್ನ ಮಗಳಿಗೇ ಮೂರು ವರ್ಷಕ್ಕೆ ಪಟಪಟ ಬರುತ್ತಿದ್ದ ಕನ್ನಡ ಏಳಕ್ಕೆ "ಅಮ್ಮ, ವಾಟ್ಸ್ ಫಾರ್ ಊಟ" ಆಗಿದೆ. ಆದರೆ ಬಾಸ್ಕ್ ಭಾಷೆ ಆಡುವವನಿಗೆ ಅವರ ಮಾತಲ್ಲಿ 'ಎವುಸ್ಕಲ್ದುನ್' ಅಂತ ಹೆಸರು. ಬಾಸ್ಕ್ ಭಾಷೆ ಉಳ್ಳವನು ಅಂತ ಅರ್ಥ. ಹುಟ್ಟಿದ್ದೆಲ್ಲಿ ಅಂತ ಕೇಳುವುದಿಲ್ಲ, ಭಾಷೆ ಇದೆಯಾ ಅಂತ ಕೇಳುವ ಹೆಸರು ಅದು. ನನಗೆ ತುಂಬಾ ಹಿಡಿಸಿತು.

ನಮ್ಮ ಕ್ಲಾಸು ಯಾಕೆ ನಿಂತಿತು ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುತ್ತಿಲ್ಲ. ಪಾಠ ಹೇಳುತ್ತಿದ್ದ ಅಕ್ಕನಿಗೇ ಚಿತ್ರಾನ್ನದ ಪಾತ್ರೆಯನ್ನೂ ಹೊರಿಸಿದೆವು. ಮಕ್ಕಳು ಕಾಗುಣಿತ ಬರೆಯುತ್ತಿದ್ದರೆ ಇವರು ನಡುನಡುವೆ ಎದ್ದು ಹೋಗಿ ಅನ್ನ ಆರಿತಾ ಅಂತ ನೋಡಿ ಬರುತ್ತಿದ್ದರು. ಹಾಲ್ ಬುಕ್ ಮಾಡುವುದು, ದುಡ್ಡಿನ ಲೆಕ್ಕ, ಬ್ಯಾನರಿನಲ್ಲಿ ಹೆಸರು ಮಾತ್ರ ಬೇರೆಯವರದ್ದು. ನಾಲ್ಕು ತಿಂಗಳು ಮಾಡಿ ಅವರು ಬಿಟ್ಟರು. ನಾನಾಗಿದ್ದರೆ ಎರಡೇ ತಿಂಗಳು.

ಅದಕ್ಕೇ ಕೇಳುತ್ತಿದ್ದೇನೆ. ಬರುವ ಶನಿವಾರದಿಂದ ನಮ್ಮ ಮನೆ ಬೇಸ್‌ಮೆಂಟಿನಲ್ಲಿ ವಾರಕ್ಕೆ ಮೂರು ಸಂಜೆ, ಐದು ವರ್ಷದೊಳಗಿನ ಮಕ್ಕಳಿಗೆ ಆಟ. ಪುಸ್ತಕ ಬೇಡ. ಹಿಟ್ಟು ಕಲಸುವುದು, ಕುಂಟೆಬಿಲ್ಲೆ, ಜಗಳ ಬಿಡಿಸುವುದು, ಎಲ್ಲ ಕನ್ನಡದಲ್ಲಿ. ಲೆಕ್ಕದ ಪುಸ್ತಕ ಆ ಅಕ್ಕನ ಕೈಯಲ್ಲಿರುತ್ತದೆ, ಅವರು ಒಪ್ಪಿದ್ದಾರೆ. ಮೊದಲ ದಿನದ ಬಿಸಿಬೇಳೆಬಾತಿಗೆ ಇಬ್ಬರು ಅಣ್ಣಂದಿರು ಬೇಕು. ಕುಕ್ಕರ್ ನಾನು ಕೊಡುತ್ತೇನೆ, ಹೆಸರು ಕೆಳಗೆ ಬರೆಯಿರಿ.