ಸಂತ ಮಾರ್ಗರೆಟ್ ಕ್ಲಿದರೋ ನ್ಯಾಯಾಲಯದಲ್ಲಿ ಉತ್ತರಿಸದೆ ಉಳಿದದ್ದು ಏಕೆ?

ಪ್ರಶ್ನೆ

ರಕ್ತಸಾಕ್ಷಿಗಳಾದ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ, ಶ್ರೀಸಾಮಾನ್ಯರ ಕುರಿತು ಯುವಜನರ ಮುಂದೆ ಮಾತನಾಡಬೇಕಾಗಿರುವುದರಿಂದ ಇಂಗ್ಲೆಂಡಿನ ಯಾರ್ಕ್ ನಗರದ ಸಂತ ಮಾರ್ಗರೆಟ್ ಕ್ಲಿದರೋ ಅವರ ಜೀವನವನ್ನು ಓದುತ್ತಿದ್ದೇನೆ. ಕಥೋಲಿಕ ಗುರುಗಳಿಗೆ ಮನೆಯಲ್ಲಿ ಆಶ್ರಯ ಕೊಟ್ಟ ಆರೋಪದ ಮೇಲೆ 1586ರ ಮಾರ್ಚ್‌ನಲ್ಲಿ ಬಂಧಿತರಾದ ಅವರು, ತಪ್ಪಿತಸ್ಥರೋ ಅಲ್ಲವೋ ಎಂದು ನ್ಯಾಯಾಧೀಶರು ಎಷ್ಟು ಕೇಳಿದರೂ ಉತ್ತರ ಕೊಡಲಿಲ್ಲ. ಹಾಗೆ ಸುಮ್ಮನಿದ್ದರೆ ಮೈಮೇಲೆ ಭಾರ ಹೇರಿ ಕೊಲ್ಲುತ್ತಾರೆಂದು ಗೊತ್ತಿದ್ದೂ ಮಾಡಿದ ಈ ನಿರಾಕರಣೆಯನ್ನು ಸಾವನ್ನು ತಾವೇ ಬರಮಾಡಿಕೊಂಡದ್ದು ಎಂದು ಯಾರಾದರೂ ಆಕ್ಷೇಪಿಸಿದರೆ ಏನು ಹೇಳಬೇಕು?

ಮೊದಲ ಉತ್ತರ

ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಆರೋಪಿಯು ಉತ್ತರ ಕೊಟ್ಟು, ಜೂರಿಗಳ ವಿಚಾರಣೆಗೆ ಒಪ್ಪದ ಹೊರತು ವಿಚಾರಣೆಯೇ ಆರಂಭವಾಗುವಂತಿರಲಿಲ್ಲ ಎಂಬುದನ್ನು ಮೊದಲು ವಿವರಿಸಿ. ಪ್ರೊಟೆಸ್ಟಂಟರ ಆಳ್ವಿಕೆಯಿದ್ದ ಆಗಿನ ಇಂಗ್ಲೆಂಡಿನಲ್ಲಿ ಕಥೋಲಿಕ ಗುರುಗಳಿಗೆ ಆಶ್ರಯ ಕೊಡುವುದು ಮರಣದಂಡನೆಗೆ ಅರ್ಹವಾದ ಅಪರಾಧವೆಂದು 1585ರ ಶಾಸನ ಸಾರಿತ್ತು. ಮನೆಯನ್ನು ಶೋಧಿಸಿದಾಗ ಹೆದರಿದ ಹುಡುಗನೊಬ್ಬ ಅಡಗುತಾಣವನ್ನೂ ಬಲಿಪೂಜೆಯ (ಕಥೋಲಿಕರ ಮುಖ್ಯ ಆರಾಧನೆಯಾದ ‘ಮಾಸ್’ನ) ವಸ್ತುಗಳನ್ನೂ ತೋರಿಸಿಬಿಟ್ಟಿದ್ದ. ವಿಚಾರಣೆ ನಡೆದಿದ್ದರೆ ಮಾರ್ಗರೆಟ್ ಅವರ ಸ್ವಂತ ಮಕ್ಕಳನ್ನೂ ಆಳುಗಳನ್ನೂ ಸಾಕ್ಷಿಕಟ್ಟೆಗೆ ತರುತ್ತಿದ್ದರು, ಜೂರಿಗಳು ತಮ್ಮ ಮನಸ್ಸಾಕ್ಷಿಗೆ ವಿರುದ್ಧವಾಗಿಯಾದರೂ ತೀರ್ಪು ಕೊಡಬೇಕಾಗುತ್ತಿತ್ತು. ತಾಯಿಯ ಸಾವಿಗೆ ತನ್ನ ಮಾತೇ ಕಾರಣವಾಯಿತೆಂಬ ನೋವನ್ನು ಹೊತ್ತು ಮಗುವೊಂದು ಬದುಕಬಾರದು ಎಂಬುದು ಅವರ ಎಣಿಕೆಯಾಗಿತ್ತು. ತಾನು ಅಪರಾಧವನ್ನೇ ಮಾಡಿಲ್ಲವಾದ್ದರಿಂದ ವಿಚಾರಣೆಯ ಅಗತ್ಯವಿಲ್ಲವೆಂದು ಅವರು ಹೇಳಿದ್ದರಲ್ಲಿ ಸಾವಿನ ಹಂಬಲ ನನಗಂತೂ ಕಾಣುವುದಿಲ್ಲ.

ಎರಡನೆಯ ಉತ್ತರ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಉತ್ತರಿಸದೆ ಸತ್ತವರ ಆಸ್ತಿ ಮುಟ್ಟುಗೋಲಾಗುತ್ತಿರಲಿಲ್ಲವಾದ್ದರಿಂದ ಕುಟುಂಬದ ಆಸ್ತಿಯನ್ನು ಉಳಿಸಲು ಹೀಗೆ ಮಾಡಿರಬಹುದೆಂಬ ಊಹೆಯನ್ನೂ ನೀವು ಕೇಳಬಹುದು. ಆದರೆ ವಿವಾಹಿತೆಯ ಸ್ವತ್ತು ಕಾನೂನಿನ ಪ್ರಕಾರ ಗಂಡನದೇ ಆಗಿದ್ದ ಕಾಲದಲ್ಲಿ ಆ ಕಾರಣಕ್ಕೆ ಹೆಚ್ಚು ತೂಕವಿಲ್ಲ. ಗಂಡ ಜಾನ್, ಮಾಂಸದ ವ್ಯಾಪಾರಿ, ಪ್ರೊಟೆಸ್ಟಂಟ್ ಆಗಿಯೇ ಉಳಿದಿದ್ದರೂ ಹೆಂಡತಿ ಸರ್ಕಾರಿ ಚರ್ಚಿಗೆ ಹೋಗದಿದ್ದುದಕ್ಕೆ ವಿಧಿಸುತ್ತಿದ್ದ ದಂಡವನ್ನು ಕಟ್ಟುತ್ತಲೇ ಬಂದರು. ಆಕೆ ಓದಲು ಕಲಿತದ್ದು ಕೂಡ ಹಿಂದಿನ ಸೆರೆವಾಸದ ದಿನಗಳಲ್ಲಿ ಎಂಬುದನ್ನು ಯುವಜನರಿಗೆ ಮರೆಯದೆ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆಗ ಅವರು ಗರ್ಭಿಣಿಯಾಗಿದ್ದರೆಂಬುದು ನಿಜವೇ?

ಮೊದಲ ಉತ್ತರ ಬರೆದವರು

ಹಾಗೆಂದು ನಂಬಲಾಗಿದೆ. ಗರ್ಭಿಣಿಯೆಂದು ಹೇಳಿಕೊಂಡಿದ್ದರೆ ಶಿಕ್ಷೆಯನ್ನು ಮುಂದೂಡುತ್ತಿದ್ದರು. ಆದರೆ ತನಗೇ ಖಚಿತವಿಲ್ಲದ್ದನ್ನು ಹೌದೆಂದೂ ಅಲ್ಲವೆಂದೂ ಹೇಳಲಾರೆನೆಂದು ಅವರು ಪಟ್ಟು ಹಿಡಿದರು. ಪ್ರಾಣ ಉಳಿಸುವ ಸುಳ್ಳನ್ನೂ ಹೇಳದ ಈ ನಿಷ್ಠೆಯೇ ನಿಮ್ಮ ಮೊದಲ ಪ್ರಶ್ನೆಗೆ ನಾನು ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರವೆಂದು ನನಗೆ ಅನ್ನಿಸುತ್ತದೆ.

ಮಾರ್ಚ್ 25ರಂದು, ಊಸ್ ನದಿಯ ಸೇತುವೆಯ ಮೇಲಿದ್ದ ಸುಂಕದಕಟ್ಟೆಯಲ್ಲಿ, ಸೆರೆಮನೆಯಲ್ಲಿ ತಾವೇ ಹೊಲಿದುಕೊಂಡಿದ್ದ ನಾರುಬಟ್ಟೆಯ ಅಂಗಿಯನ್ನು ತೊಟ್ಟು ಅವರು ಮಲಗಿದರು. ಬೆನ್ನಿನ ಕೆಳಗೆ ಮುಷ್ಟಿಗಾತ್ರದ ಚೂಪುಗಲ್ಲು, ಮೇಲೆ ಒಂದು ಬಾಗಿಲು, ಅದರ ಮೇಲೆ ರಾಶಿ ಭಾರ. ಅಧಿಕಾರಿಗಳು ಆ ಕೆಲಸಕ್ಕೆ ತಾವು ಕೈಹಾಕದೆ ನಾಲ್ವರು ಭಿಕ್ಷುಕರನ್ನು ಕೂಲಿಗೆ ಹಿಡಿದಿದ್ದರು. ಹೆಚ್ಚೆಂದರೆ ಕಾಲು ಗಂಟೆಯಲ್ಲಿ ಪ್ರಾಣ ಹೋಯಿತು. 1970ರ ಅಕ್ಟೋಬರ್ 25ರಂದು ಪೋಪ್ ಆರನೆಯ ಪೌಲರು ಇಂಗ್ಲೆಂಡ್ ಮತ್ತು ವೇಲ್ಸಿನ ನಲವತ್ತು ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಅವರಿಗೆ ಸಂತ ಪದವಿಯನ್ನು ನೀಡಿದರು.

ಸಾಯುವ ಮುನ್ನ ಅವರು ತಮ್ಮ ಟೋಪಿಯನ್ನು ಗಂಡನಿಗೂ, ಪಾದರಕ್ಷೆ ಮತ್ತು ಕಾಲುಚೀಲಗಳನ್ನು ಮಗಳು ಆ್ಯನ್‌ಗೂ ಕಳುಹಿಸಿದ್ದರು. ಮುಂದೆ ಆ ಮಗಳು ಈಗಿನ ಬೆಲ್ಜಿಯಂ ದೇಶದ ಲೂವೆನ್ ನಗರದ ಕಾನ್ವೆಂಟಿನಲ್ಲಿ ಸನ್ಯಾಸಿನಿಯಾದಳು.